ಬಲಗೈ ಬಿದ್ದ ಮೇಲೆ

ಮೊನ್ನೆ ಪೆಟ್ಟಿಗೆಯಲ್ಲಿ ಅಮ್ಮನ ಕಾಲದ ದಸ್ತರ್‌ಖಾನ್ ಸಿಕ್ಕಿತು, ಊಟಕ್ಕೆ ಕೂರುವಾಗ ನೆಲಕ್ಕೆ ಹಾಸುವ ಬಟ್ಟೆ. ಬಿಡಿಸಿದರೆ ಇನ್ನೂ ದಾಲ್ಚದ, ಆ ಬೇಳೆ-ಮಾಂಸದ ಸಾರಿನ, ಹುಳಿ ವಾಸನೆ... ಮೂಗಿಗೆ ಬಡಿದದ್ದೇ ತಡ, ಖಾಲಾ ನೆನಪಾದರು. ಜೊತೆಗೆ ಹಳೇ ಸಿಟ್ಟೂ ನೆತ್ತಿಗೇರಿತು.

ಖಾಲಾ, ಅಂದರೆ ಚಿಕ್ಕಮ್ಮ, ಅಂತ ಕರೆದರೂ ನಮ್ಮ ರಕ್ತಸಂಬಂಧಿಯೇನಲ್ಲ, ಶಿರಾದ ನಮ್ಮ ಗಲ್ಲಿಯಲ್ಲಿ ಎದುರು ಮನೆಯ ವಿಧವೆ. ಗೌಡಗೆರೆ ಕಡೆಯವರು, ಬಾಯಲ್ಲಿ ಉರ್ದುವಿಗಿಂತ ಕನ್ನಡವೇ ಹೆಚ್ಚು. ಐವತ್ತರ ದಶಕದಲ್ಲಿ ಗಲ್ಲಿಯ ಹೆಣ್ಣುಮಕ್ಕಳಿಗೆಲ್ಲ ದುವಾ, ದಿನನಿತ್ಯದ ಪ್ರಾರ್ಥನೆಗಳನ್ನು, ಕಲಿಸಿದ್ದು ಅವರೇ. ನಿದ್ದೆಯಿಂದ ಎದ್ದಾಗ ಒಂದು, ಕನ್ನಡಿ ನೋಡುವಾಗ ಒಂದು, ಹೊಸ ಬಟ್ಟೆ ತೊಟ್ಟಾಗ ಇನ್ನೊಂದು. ಪಾಯಖಾನೆಗೆ ಎಡಗಾಲು ಮುಂದೆ. ನೀರು ಕೂತು ಕುಡಿಯಬೇಕು. ಅನ್ನ ಬಲಗೈಯಲ್ಲೇ ಉಣ್ಣಬೇಕು, ಎಡಗೈಯಲ್ಲಿ ತಿನ್ನುವವನು ಶೈತಾನ್. ಯಾವಳಾದರೂ ಬಿಸ್ಮಿಲ್ಲಾ ಮರೆತು ಬಾಯಿಗಿಟ್ಟು ಅಳತೊಡಗಿದರೆ, "ನೆಪ್ಪಾದಾಗ ಹೇಳ್ಕೊ ಕಣಮ್ಮ. ಅಲ್ಲಾ ಏನು ಬಾಗ್ಲು ಹಾಕ್ಕಂಡ್ಬುಟ್ಟವ್ನಾ?" ಅನ್ನುತ್ತಿದ್ದರು. ಕೈಲಾಗದವರಿಗೆ ಮಾಫಿ ಉಂಟು ಅಂತಲೂ ಕಲಿಸಿದ್ದರು. ಅದನ್ನು ಮಾತ್ರ ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ.

ಮುಂದೆ ನಾನು ಮದುವೆಯಾಗಿ ಮಧುಗಿರಿ ಸೇರಿದ ಮೇಲೆ ಖಾಲಾಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಚೇತರಿಸಿಕೊಂಡು ಮೊದಲ ಸಲ ಪಕ್ಕದ ಮನೆಯ ದಾವತ್ತಿನ ಊಟಕ್ಕೆ ಬಂದರು. ನಾನೂ ತವರಿಗೆ ಬಂದಿದ್ದೆ, ಕಣ್ಣಾರೆ ಕಂಡೆ. ನಮ್ಮಲ್ಲಿ ನಾಲ್ಕೈದು ಹೆಂಗಸರು ಒಂದೇ ತಟ್ಟೆಗೆ ಕೈ ಹಾಕಿ ಉಣ್ಣುವುದು ವಾಡಿಕೆ. ಖಾಲಾ ಎಡಗೈಯಿಂದ ಅನ್ನ ಮುಟ್ಟಿದ್ದೇ ಎಲ್ಲರೂ ಕೈ ಹಿಂದಕ್ಕೆಳೆದುಕೊಂಡರು. ಸ್ವಂತ ಸೊಸೆ, ಇವರ ಹತ್ತಿರವೇ ದುವಾ ಕಲಿತವಳು, ಎಲ್ಲರೆದುರು ಅಂದಳು:

"ಎಡಗೈ ಆಕ್ಬುಟ್ರಲ್ಲ ಅಮ್ಮಾ, ಇನ್ನು ಇದ್ರಲ್ಲಿ ಬರ್ಕತ್ ಎಲ್ಲಿರ್ತದೆ?"

ಗುರುವಿಗೇ ತಿರುಮಂತ್ರ. ಅವಳ ಬಾಯಿಗೆ ಮಣ್ಣು ಬೀಳ. ಬೇರೆ ತಟ್ಟೆಯಲ್ಲಿದ್ದ ನಾನು ಎದ್ದು ಬಂದು ಬೈದೆ. ಅಷ್ಟರಲ್ಲಿ ಖಾಲಾ ತುತ್ತು ಕೆಳಗಿಟ್ಟಾಗಿತ್ತು.

ಆಮೇಲೆ ಅವರು ಎಡಗೈಗೆ ಅನ್ನ ಸೋಕಿಸಲೇ ಇಲ್ಲ, ಒಬ್ಬರೇ ಇದ್ದಾಗಲೂ. ಸೊಸೆಗೆ ಪುರುಸೊತ್ತಾದಾಗ ತಿನ್ನಿಸಿದರೆ ಊಟ, ಇಲ್ಲದಿದ್ದರೆ ಇಲ್ಲ. ಅಮ್ಮ ಹೋಗಿ ಜಗಳವಾಡಿದಳು.

"ಮಾಫಿ ಐತೆ ಅಂತ ನೀವೇ ಹೇಳ್ಕೊಟ್ಟಿದ್ದಲ್ವಾ ಆಪಾ? ಉಣ್ಣಿ."

"ಐತೆ ಕಣಮ್ಮ. ಆದ್ರೆ ಮಕ್ಳು ನನ್ ಕೈ ನೋಡ್ತಾವೆ, ಮಾಫಿ ನೋಡಲ್ಲ."

ಇದನ್ನು ಕೇಳಿ ಅವರ ಮೇಲೂ ನನಗೆ ಕೋಪ ಬಂತು. ಹೊಟ್ಟೆಗಿಲ್ಲದೆ ಯಾರಿಗೆ ಯಾವ ಪಾಠ? ತವರಿಗೆ ಬಂದಾಗಲೆಲ್ಲ ನಾನೇ ತಿನ್ನಿಸುತ್ತಿದ್ದೆ. ಪ್ರತಿ ಸಲವೂ ಇನ್ನಷ್ಟು ಇಳಿದುಹೋಗಿರುತ್ತಿದ್ದರು... ಆ ವರ್ಷದ ಬೇಸಿಗೆ ಮುಗಿಯುವ ಮುಂಚೆ ತೀರಿಕೊಂಡರು.

ಸತ್ತವರ ಹೆಸರಲ್ಲಿ ಓದಿಸುವ ಫಾತಿಹಾದ ಊಟಕ್ಕೆ ಅದೇ ಹೆಂಗಸರು, ಅದೇ ಸೊಸೆ. ಬಿಸ್ಮಿಲ್ಲಾದಲ್ಲಿ ಒಂದಕ್ಷರ ತಪ್ಪಲಿಲ್ಲ, ಒಬ್ಬಳ ಬಲಗೈಯೂ ತಪ್ಪಲಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದರು ಖಾಲಾ. ನಾನು ಉಣ್ಣದೆ ಎದ್ದು ಬಂದೆ.

ಈಗ ಆ ಸೊಸೆಯೂ ಇಲ್ಲ, ಬೈಯಲು ಯಾರೂ ಉಳಿದಿಲ್ಲ. ಸಿಟ್ಟು ಬಂದರೆ ನಿಂತವರು ಕೂರಬೇಕು, ಕೂತರೂ ಇಳಿಯದಿದ್ದರೆ ಮಲಗಬೇಕು ಅಂತ ಖಾಲಾ ಹೇಳಿಕೊಟ್ಟಿದ್ದರು. ಮೊನ್ನೆ ಕೂತೆ, ಆಮೇಲೆ ಮಲಗಿದೆ. ಇಳಿಯಲಿಲ್ಲ... ಇನ್ನೇನು ಮಾಡಬೇಕು ಅಂತ ಕೇಳಲು ಖಾಲಾ ಇಲ್ಲ.