ಕೈಗೆಟುಕುವ ಬಾವಿಯ ಮನೆ

ಮಧುಗಿರಿ ಕೋರ್ಟಿನ ಎದುರು ಸಾಲಿನಲ್ಲಿ ರುದ್ರಮುನಿಯ ಜೆರಾಕ್ಸ್ ಅಂಗಡಿಯಿದೆ. ಅದರೊಳಗೆ ಗೋಡೆಗೆ ಮುಖ ಮಾಡಿ ಕೂತು ಯಶೋದ ಒಂಬತ್ತು ವರ್ಷಗಳಿಂದ ಅಫಿಡವಿಟ್ ಟೈಪು ಮಾಡುತ್ತಿದ್ದಾಳೆ. ಹೆಸರು ತಿದ್ದುಪಡಿ, ವಂಶವೃಕ್ಷ, ಕಳೆದುಹೋದ ಮಾರ್ಕ್ಸ್ ಕಾರ್ಡು. ತಾಲ್ಲೂಕಿನ ಗಂಡಸರು ಪ್ರಮಾಣ ಮಾಡಿ ಹೇಳಿದ ಸುಳ್ಳುಗಳಲ್ಲಿ ಅರ್ಧಕ್ಕರ್ಧ ಅವಳ ಬೆರಳುಗಳ ಮೂಲಕವೇ ಹಾದುಹೋಗಿವೆ. 'ವಯಸ್ಸಾದ ತಂದೆತಾಯಿಯನ್ನು ನಾನೇ ನೋಡಿಕೊಳ್ಳುತ್ತಿದ್ದು' ಎಂದು ಒಬ್ಬ ಬರೆಸುತ್ತಿದ್ದರೆ, ಅವನ ಅಂಗಿಯ ಇಸ್ತ್ರಿ ನೋಡಿಯೇ ಆ ಮನೆಯಲ್ಲಿ ನೋಡಿಕೊಳ್ಳುತ್ತಿರುವವಳು ಯಾರು ಎಂದು ಅವಳು ಹೇಳಬಲ್ಲಳು. ಹೇಳುವುದಿಲ್ಲ. ಟೈಪು ಮಾಡಿ ಪ್ರಿಂಟು ಕೊಡುತ್ತಾಳೆ.

ಅಂಗಡಿಗೆ ಬರುವುದು ಹತ್ತು ಗಂಟೆಗೆ. ಬೆಳಗ್ಗೆ ಐದರಿಂದ ಹತ್ತರವರೆಗಿನದು ಬೇರೆಯೇ ನೌಕರಿ. ಅಂಗಳ, ಒಲೆ, ಮುದ್ದೆ, ಸಾರು, ಮಗಳು ಮಧುಶ್ರೀಯ ಎರಡು ಜಡೆ, ಅತ್ತೆ ಪುಟ್ಟಕ್ಕನ ಮಂಡಿಗೆ ಎಣ್ಣೆ. ಎಂಟು ದಿನಕ್ಕೊಮ್ಮೆ ಅವರ ಬೀದಿಗೆ ನಲ್ಲಿ ನೀರು ಬಿಡುತ್ತಾರೆ. ಅವತ್ತು ಈ ನೌಕರಿ ಮೂರು ಗಂಟೆಗೇ ಶುರು. ಗಂಡ ಅಂಜಿನಮೂರ್ತಿ ಏಳೂವರೆಗೆ ಎದ್ದು "ನೀರು ಬಂತಾ?" ಎನ್ನುತ್ತಾನೆ. ಹಿಡಿದವರು ಯಾರು ಎಂದು ಕೇಳಿದ ದಾಖಲೆಯಿಲ್ಲ.

ಅಂಜಿನಮೂರ್ತಿ ಕೆಟ್ಟವನಲ್ಲ. ಪಂಪ್‌ಸೆಟ್ ಕಂಪನಿಯೊಂದರಲ್ಲಿ ಮೆಕ್ಯಾನಿಕ್. ಸಾವಿರ ಅಡಿ ಬೋರಿನೊಳಗೆ ಸಿಕ್ಕಿಕೊಂಡ ಮೋಟರನ್ನು ಬಿಡಿಸಿ ಮೇಲೆತ್ತುತ್ತಾನೆ. ಉಂಡ ತಟ್ಟೆಯನ್ನು ಎತ್ತುವುದು ಮಾತ್ರ ಅವನಿಗೆ ಈವರೆಗೆ ಸಾಧ್ಯವಾಗಿಲ್ಲ. ಈ ವರ್ಷ ಏಪ್ರಿಲ್ ಕೊನೆಯಲ್ಲಿ ಕಂಪನಿ ಅವನನ್ನು ಸೂಪರ್‌ವೈಸರ್ ಮಾಡಿ ಮಂಗಳೂರಿಗೆ ಹಾಕಿತು. "ಮೊದಲು ನಾನು ಹೋಗಿ ಮನೆ ನೋಡ್ತೀನಿ, ಆಮೇಲೆ ನೀವು ಬರೋರಂತೆ" ಎಂದು ಹೇಳಿ ಬಸ್ಸು ಹತ್ತಿದ.

ಯಶೋದಳ ಚಿಂತೆ ಬೇರೆಯಿತ್ತು. ಅಂಗಡಿ ಬಿಟ್ಟರೆ ಮತ್ತೆ ಕೆಲಸ ಸಿಗುತ್ತದೋ ಇಲ್ಲವೋ. ರುದ್ರಮುನಿಯೇ ಒಂದು ದಾರಿ ತೋರಿಸಿದ. ಹಿಂದೆ ಇದೇ ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತಿದ್ದ ದಾಕ್ಷಾಯಣಮ್ಮ ಈಗ ಮಂಗಳೂರಿನಲ್ಲಿ ನೋಟರಿ. ಅವರಿಗೆ ಫೋನು ಹಚ್ಚಿ ಕೊಟ್ಟ.

"ನಿನ್ನ ಕೈ ಗೊತ್ತು ನನಗೆ, ತಪ್ಪಿಲ್ಲದೆ ಹೊಡೀತೀಯ" ಎಂದರು ದಾಕ್ಷಾಯಣಮ್ಮ. "ಜೂನ್ ಒಂದರಿಂದ ಬಾ. ಒಂಬತ್ತೂವರೆಗೆ ಕುರ್ಚಿಯಲ್ಲಿರಬೇಕು. ಆದ್ರೆ ಮನೆ ಎಲ್ಲಿ ಮಾಡ್ತೀಯ ಅಂತ ಮೊದಲು ಹೇಳು. ಇಲ್ಲಿ ಮೂರು ಮಳೆಗಾಲದಲ್ಲಿ ಮೂರು ಹುಡುಗೀರು ಬಿಟ್ಟು ಹೋದ್ರು. ಮನೆ ನೋಡ್ಕೊಂಡು ನಾನು ಹೂಂ ಅನ್ನೋದು."

ಮನೆಗೂ ಮಳೆಗೂ ಟೈಪಿಂಗಿಗೂ ಏನು ಸಂಬಂಧ ಎಂದು ಯಶೋದಳಿಗೆ ಆಗ ತಿಳಿಯಲಿಲ್ಲ.

ಮೇ ತಿಂಗಳ ಎರಡನೇ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಅಂಜಿನಮೂರ್ತಿಯ ವಿಡಿಯೋ ಕಾಲ್ ಬಂತು. ಜಗಲಿಯ ಮೇಲೆ ಯಶೋದ, ಪುಟ್ಟಕ್ಕ, ಮಧುಶ್ರೀ ಮತ್ತು ಎದುರು ಮನೆಯ ಲಕ್ಕಮ್ಮ ಫೋನಿನ ಸುತ್ತ ತಲೆ ಸೇರಿಸಿದರು.

"ಮನೆ ಸಿಕ್ತು. ಪಕ್ಕಾ ಫ್ಯಾಮಿಲಿ ಏರಿಯಾ" ಎಂದ.

"ಫ್ಯಾಮಿಲಿ ಏರಿಯಾ ಅಂದ್ರೆ?" ಎಂದಳು ಯಶೋದ.

"ಬಾರ್ ಇಲ್ಲ, ಬ್ಯಾಚುಲರ್ಸ್ ಇಲ್ಲ, ಸೈಲೆಂಟು. ಒಂದು ನರಪಿಳ್ಳೆ ಆಚೆ ಕಾಣಲ್ಲ. ನಮ್ಮ ಮ್ಯಾನೇಜರೇ ತೋರಿಸಿದ್ದು."

ಮ್ಯಾನೇಜರಿಗೆ ಮದುವೆಯಾಗಿರಲಿಲ್ಲ. ಹೆಂಗಸರು ಆಚೆ ಕಾಣದ ಬೀದಿಯಲ್ಲಿ ಅವರು ಒಳಗೆ ಏನು ಮಾಡುತ್ತಿರುತ್ತಾರೆ ಎಂಬುದನ್ನು ಯಶೋದ ಕೇಳುವುದರಲ್ಲಿದ್ದಳು. ಅಷ್ಟರಲ್ಲಿ ಅವನು "ಇದು ನೋಡಿ ಮೊದ್ಲು" ಎಂದು ಫೋನನ್ನು ತಿರುಗಿಸಿದ.

ಕೆಂಪು ಕಲ್ಲಿನ ಕಟ್ಟೆಯ ಒಂದು ಬಾವಿ. ಅಂಜಿನಮೂರ್ತಿ ಅದರೊಳಕ್ಕೆ ಬಗ್ಗಿ, ಕೈಯಲ್ಲಿದ್ದ ತಂಬಿಗೆಯನ್ನು ಅದ್ದಿ, ತುಂಬಿಸಿ ಮೇಲೆತ್ತಿದ. ಹಗ್ಗವಿಲ್ಲ, ರಾಟೆಯಿಲ್ಲ, ಮೋಟರಿಲ್ಲ. ಸುಡು ಮೇ ತಿಂಗಳು.

ಜಗಲಿಯ ಮೇಲೆ ಲಕ್ಕಮ್ಮ ಎರಡೂ ಕೈ ಕೆನ್ನೆಗೆ ಬಡಿದುಕೊಂಡು ಫೋನಿಗೇ ಕೈಮುಗಿದಳು.

"ಇನ್ನೊಂದ್ಸಲ ಅದ್ದಿ ತೋರ್ಸಣ್ಣ" ಎಂದಳು.

ಅವನು ಮೂರು ಸಲ ಅದ್ದಿದ. ಯಶೋದಳಿಗೂ ಕಣ್ಣು ತುಂಬಿತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಗೌಡಗೆರೆಯ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ಏಳನೇ ವಯಸ್ಸಿಗೆ ನೀರಿನ ಕೊಡ ಹೊರಲು ತಲೆಗೆ ಸಿಂಬಿ ಇಟ್ಟವಳು ಅವಳು. ಆ ಕ್ಷಣದಲ್ಲೇ ಮನಸ್ಸಿನೊಳಗೆ ನಾಲ್ಕು ಕಂಬಳಿ ಒಗೆದು ಹಿಂಡಿದಳು. ನಮ್ಮ ಮನೆಯವರು ಒಂದು ಕೆಲಸವನ್ನಾದರೂ ಸರಿಯಾಗಿ ಮಾಡವ್ರೆ ಎಂದುಕೊಂಡಳು.

ಪುಟ್ಟಕ್ಕ ಮಾತ್ರ ಬಾವಿಯ ಕಡೆ ನೋಡಲಿಲ್ಲ. ಅವಳು ತಾವರೆಕೆರೆ ಕಡೆಯ ಕುರಿಗಾಹಿ ಮನೆತನದವಳು. ಮದುವೆಯಾಗುವವರೆಗೆ ಅಪ್ಪನ ಮಂದೆಯ ಹಿಂದೆ ಊರೂರು ಅಲೆದಿದ್ದಳು. ಹೊಸ ಜಾಗಕ್ಕೆ ಮಂದೆ ಹೋದಾಗ ಗಂಡಸರು ಹುಲ್ಲು, ನೀರು ನೋಡುತ್ತಿದ್ದರು. ಹೆಂಗಸರು, ಮುಂಚೆ ಅಲ್ಲಿ ಇಳಿದಿದ್ದವರು ಒಲೆ ಎಲ್ಲಿ ಹೂಡಿದ್ದರು ಎಂದು ಹುಡುಕುತ್ತಿದ್ದರು. ಸುಟ್ಟ ಮೂರು ಕಲ್ಲು ಎಲ್ಲಿವೆ ಎನ್ನುವುದರ ಮೇಲೆ ಗಾಳಿ ಎತ್ತಲಿಂದ, ನೀರು ಎತ್ತಲಿಂದ ಎಂದು ತಿಳಿಯುತ್ತಿತ್ತು. ಅಡುಗೆ ಮಾಡುವವರು ಒಲೆಯನ್ನು ಸುಮ್ಮನೆ ಎಲ್ಲೋ ಇಡುವುದಿಲ್ಲ.

"ಅಲ್ಲಿರೋರು ಒಲೆ ಹೆಂಗಿಕ್ಕವ್ರೆ, ತೋರ್ಸು ಅನ್ನು" ಎಂದಳು ಪುಟ್ಟಕ್ಕ.

"ಖಾಲಿ ಮನೆ ಕಣವ್ವ, ಒಲೆ ಎಲ್ಲಿಂದ ತರ್ಲಿ" ಎಂದ ಮಗ.

"ಪಕ್ಕದ ಮನೇದು ತೋರ್ಸ್ಲಾ."

"ಗೊತ್ತಿಲ್ಲದೋರ ಅಡುಗೆಮನೆಗೆ ನಾನು ಹೆಂಗವ್ವ ನುಗ್ಗೋದು?"

"ಗೊತ್ತಿರೋ ಅಡುಗೆಮನೆಗೂ ನುಗ್ದೋರಲ್ಲ ನೀವು. ಶುರು ಅಲ್ಲಿಂದ್ಲೇ ಆಗ್ಲಿ ಬುಡಿ" ಎಂದಳು ಯಶೋದ. ಲಕ್ಕಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಪಕ್ಕದ ಮನೆಯಲ್ಲಿದ್ದವರು ಹಿಲ್ಡಾ ಬಾಯಿ ಎಂಬ ಅರವತ್ತರ ಹೆಂಗಸು. ಅಂಜಿನಮೂರ್ತಿ ಬಾಗಿಲಲ್ಲಿ ನಿಂತು ಎರಡು ಸಲ ಕೆಮ್ಮಿ, ಊರಲ್ಲಿರುವ ನಮ್ಮ ತಾಯಿ ನಿಮ್ಮ ಒಲೆ ನೋಡಬೇಕು ಅಂತಾರೆ ಎಂದು ಹೇಳಿದ. ಇಂಥ ಕೋರಿಕೆ ದಿನವೂ ಬರುತ್ತದೇನೋ ಎನ್ನುವ ಹಾಗೆ ಅವರು "ಬನ್ನಿ, ಅದಕ್ಕೆಂತ" ಎಂದು ಒಳಗೆ ಕರೆದರು.

ಫೋನಿನಲ್ಲಿ ಹಿಲ್ಡಾ ಬಾಯಿಯ ಅಡುಗೆಮನೆ ಕಂಡಿತು. ಗ್ಯಾಸ್ ಸಿಲಿಂಡರು ನೆಲದ ಮೇಲಿರಲಿಲ್ಲ. ಕಟ್ಟೆಯ ಮೇಲೆ ಕೂತಿತ್ತು. ಅಕ್ಕಿ ಮೂಟೆ ಅಟ್ಟದಲ್ಲಿತ್ತು. ಫ್ರಿಜ್ಜು ನಾಲ್ಕು ಸಿಮೆಂಟು ಇಟ್ಟಿಗೆಯ ಕಂಬಗಳ ಮೇಲೆ ನಿಂತಿತ್ತು, ಅದರ ಬಾಗಿಲು ತೆಗೆಯಲು ಹಿಲ್ಡಾ ಬಾಯಿಗೆ ಒಂದು ಮಣೆ. ಗೋಡೆಯಲ್ಲಿ ಮಂಡಿಯೆತ್ತರಕ್ಕೆ ಸುಣ್ಣದ ಬಣ್ಣ ಬೇರೆಯಾಗಿತ್ತು.

"ಅಚ್ಚುಕಟ್ಟು ನೋಡು, ಕಸ ಗುಡಿಸೋಕೆ ಎಷ್ಟು ಸಲೀಸು" ಎಂದಳು ಲಕ್ಕಮ್ಮ.

"ಅಚ್ಚುಕಟ್ಟಲ್ಲ ಕಣಮ್ಮ" ಎಂದಳು ಪುಟ್ಟಕ್ಕ. "ನೀರು ಒಳಕ್ಕೆ ಬತ್ತದೆ."

ಯಶೋದ ಗಂಡನಿಗೆ ಹೇಳಿದಳು: "ಫೋನು ಆ ಅಮ್ಮನ ಕಡೆ ತಿರುಗಿಸಿ. ನೀವು ಮಾತಾಡಬೇಡಿ, ಅಲ್ಲಾಡದಂಗೆ ಹಿಡ್ಕಳಿ ಸಾಕು."

ಆಮೇಲಿನ ಮುಕ್ಕಾಲು ಗಂಟೆ ಅಂಜಿನಮೂರ್ತಿ ಗೋಡೆಗೆ ಹೊಡೆದ ಮೊಳೆಯಂತೆ ನಿಂತಿದ್ದ. ಅವನ ಒಂದು ಬದಿಯಿಂದ ಇನ್ನೊಂದು ಬದಿಗೆ ಇಬ್ಬರು ಹೆಂಗಸರು ಮಾತಾಡಿಕೊಂಡರು.

"ಮಳೆಗಾಲದಲ್ಲಿ ನೀರು ಬರುತ್ತಾ ಅಮ್ಮ ಮನೆಗೆ?"

"ಬರ್ತದೆ ಮಾರಾಯ್ತಿ. ತಗ್ಗು ಅಲ್ವಾ, ಹೊಳೆ ಇಲ್ಲೇ ಹಿಂದೆ ಉಂಟು. ಜುಲೈಯಲ್ಲಿ ಎರಡು ಸಲ, ಆಗಸ್ಟಲ್ಲಿ ಒಂದು ಸಲ. ಹೆಚ್ಚೇನಿಲ್ಲ, ಮೊಣಕಾಲಿನವರೆಗೆ."

"ಆಗ ಮನೆ ಗಂಡಸರು ಏನ್ಮಾಡ್ತಾರೆ?"

ಹಿಲ್ಡಾ ಬಾಯಿ ಸ್ವಲ್ಪ ಯೋಚಿಸಿದರು. "ಫೋಟೋ ತೆಗೀತಾರೆ. ಗ್ರೂಪಿಗೆ ಹಾಕ್ತಾರೆ. ಆಮೇಲೆ ಪ್ಯಾಂಟು ಮಡಚಿ ಡ್ಯೂಟಿಗೆ ಹೋಗ್ತಾರೆ."

"ನೀವು?"

"ಅತ್ತೆಯನ್ನು ಮಂಚದ ಮೇಲೆ ಕೂರಿಸಿ, ಸಾಮಾನು ಅಟ್ಟಕ್ಕೆ ಹಾಕಿ, ನೀರು ಇಳಿಯುವುದು ಕಾಯುವುದು. ಇಳಿದ ಮೇಲೆ ನಾಲ್ಕು ದಿನ ಕೆಸರು ತೊಳೆಯಲಿಕ್ಕುಂಟು. ಬಟ್ಟೆ ಒಣಗುವುದಿಲ್ಲ, ಗ್ಯಾಸಿನ ಮೇಲೆ ಹಿಡಿದು ಒಣಗಿಸುವುದು. ಗಂಡಸರ ಬನಿಯನ್ ಎಲ್ಲ ಸುಟ್ಟ ವಾಸನೆ ಬರ್ತದೆ ಅಂತ ಬೈಗುಳ ಬೇರೆ."

"ಕೆಲಸಕ್ಕೆ ಹೋಗ್ತಿದ್ರಾ ಅಮ್ಮ?"

"ಹೋಗ್ತಿದ್ದೆ. ಶಾಲೆಯ ಆಫೀಸಲ್ಲಿ. ಪ್ರತಿ ಮಳೆಗಾಲ ಹದಿನೈದು ದಿನ ರಜೆ. ಮೂರನೇ ವರ್ಷ ಹೆಡ್‌ಮಾಸ್ಟರು, ಹಿಲ್ಡಾ ನೀವು ಮನೆಯಲ್ಲೇ ಇದ್ದರೆ ಎಲ್ಲರಿಗೂ ಅನುಕೂಲ ಅಂದ್ರು. ಎಲ್ಲರಿಗೂ ಆಯ್ತು."

ಯಶೋದಳಿಗೆ ದಾಕ್ಷಾಯಣಮ್ಮನ ಮೂರು ಹುಡುಗಿಯರು ಬಿಟ್ಟು ಹೋದದ್ದು ಎಲ್ಲಿಗೆ ಎಂದು ಗೊತ್ತಾಯಿತು. ಎಲ್ಲಿಗೂ ಹೋಗಿರಲಿಲ್ಲ, ಮನೆಯೊಳಗೆ ನಿಂತು ಕೆಸರು ತೊಳೆಯುತ್ತಿದ್ದರು. ಬಾವಿಯ ನೀರು ಕೈಗೆ ಸಿಗುತ್ತಿದ್ದುದು ಮನೆ ಅಷ್ಟು ಕೆಳಗಿದ್ದುದರಿಂದ. ಈ ಸುಲಭ ಲೆಕ್ಕ ಜಗಲಿಯ ಮೇಲೆ ಕೂತು ಬಾವಿ ನೋಡಿದ ಒಬ್ಬರಿಗೂ ಹೊಳೆದಿರಲಿಲ್ಲ. ನೀರು ಕಂಡ ಕೂಡಲೇ ಬುದ್ಧಿ ಬಿಟ್ಟುಕೊಡುವ ಸೀಮೆಯವರು ಅವರು.

"ಕಂಪನಿಯೋರು ನಿಮ್ಮನ್ನ ಅಲ್ಲಿಗೆ ಯಾಕೆ ಹಾಕವ್ರೆ ಅಂತ ಈಗ ತಿಳೀತು. ನೀರು ಆಚೆಗೆ ತಳ್ಳೋ ಪಂಪು ಮಾರೋಕೆ" ಎಂದಳು ಗಂಡನಿಗೆ.

"ಆದ್ರೆ ಬಾವಿ..." ಎಂದ ಅಂಜಿನಮೂರ್ತಿ.

"ನಿಮಗೆ ಇಷ್ಟ ಇದ್ದರೆ ಎಲ್ಲಿ ಮನೆ ಮಾಡ್ತಿದ್ರಿ ಅಮ್ಮ?" ಎಂದು ಯಶೋದ ಹಿಲ್ಡಾ ಬಾಯಿಯನ್ನೇ ಕೇಳಿದಳು. ಅವರಿಗೆ ಆ ಪ್ರಶ್ನೆ ಯಾರೂ ಹಾಕಿರಲಿಲ್ಲವೋ ಏನೋ, ಸೌಟು ಕೆಳಗಿಟ್ಟರು.

"ಮೇಲೆ ಗುಡ್ಡೆಯಲ್ಲಿ. ಬಸ್ಸು ಹತ್ತಿರ, ಶಾಲೆ ನಡೆಯುವಷ್ಟು ದೂರ. ಆದರೆ ಅಲ್ಲಿ ಬಾವಿ ಇಲ್ಲ. ನೀರಿಗೆ ತುಂಬ ಕಷ್ಟ, ಯಾರೂ ಹೋಗುವುದಿಲ್ಲ. ಎರಡು ದಿನಕ್ಕೊಮ್ಮೆ ಮಾತ್ರ ನಲ್ಲಿ."

ಮಧುಗಿರಿಯ ಜಗಲಿಯ ಮೇಲೆ ಮೊದಲು ನಕ್ಕವಳು ಮಧುಶ್ರೀ. ಆಮೇಲೆ ಲಕ್ಕಮ್ಮ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡಳು.

"ಎಂತ ಆಯ್ತು?" ಎಂದರು ಹಿಲ್ಡಾ ಬಾಯಿ.

"ಏನಿಲ್ಲಮ್ಮ, ನಿಮ್ಮ ಕಷ್ಟ ನಮಗೆ ಒಂಚೂರು ಕೊಡಿ ಅಂತ" ಎಂದಳು ಯಶೋದ.

ಅಂಜಿನಮೂರ್ತಿಗೆ ಸಿಟ್ಟು ಬಂತು. ಬಾವಿಯ ವಿಡಿಯೋ ಆಗಲೇ ಭಾವಮೈದುನರಿಗೆ, ಸ್ಕೂಲ್ ಫ್ರೆಂಡ್ಸಿಗೆ ಹೋಗಿತ್ತು. ಮೂವತ್ತೆರಡು ಜನ ಕೈಮುಗಿಯುವ ಚಿತ್ರ ಹಾಕಿದ್ದರು. "ನಾನು ಹದಿನೈದು ದಿನ ಬಿಸಿಲಲ್ಲಿ ಸುತ್ತಿ ಹುಡುಕಿದ್ದು. ನೀನು ಅಲ್ಲಿ ಕೂತ್ಕಂಡು ಬ್ಯಾಡ ಅಂತೀಯಲ್ಲ."

"ಸುತ್ತಿದ್ದೀರಿ ನಿಜ. ಮನೆಯೊಳಗೆ ನೀವು ಎಷ್ಟು ಹೊತ್ತು ಇರ್ತೀರಿ? ಮಲಗೋಕೆ ಏಳು ಗಂಟೆ, ಉಣ್ಣೋಕೆ ಒಂದು. ನಿಮಗೆ ಯಾವ ಮನೆ ಆದ್ರೂ ಆಗುತ್ತೆ. ಆ ತಗ್ಗಿಗೆ ಬಂದ್ರೆ ನನಗೆ ಕೆಲಸ ಇರಲ್ಲ. ನಾನು ಬರಲ್ಲ. ನೀವು ರೂಮಲ್ಲಿರಿ, ನಾವು ಇಲ್ಲೇ ಇರ್ತೀವಿ."

ಅವಳು ಜೋರು ಮಾಡಲಿಲ್ಲ, ಅದೇ ಅವನಿಗೆ ಭಯವಾದದ್ದು. ಅವನು ತಾಯಿಯ ಕಡೆ ನೋಡಿದ.

"ತಗ್ಗಿನಾಗೆ ಮಂದೆ ನಿಲ್ಸಿದ್ರೆ ಗೊರಸು ಕೊಳೀತವೆ ಕಣ್ಲಾ" ಎಂದಳು ಪುಟ್ಟಕ್ಕ. "ನಿಮ್ಮ ತಾತಂಗೆ ಗೊತ್ತಿತ್ತು. ಸೂಪ್ರೈಜರಂಗೆ ಗೊತ್ತಾಗ್ನಿಲ್ಲ. ನಾಳಿಕ್ಕೆ ಗುಡ್ಡದ ಮ್ಯಾಕೆ ಹೋಗು."

"ನಾಲ್ಕು ಗಂಟೆಗೆ ಹೋಗಿ" ಎಂದಳು ಯಶೋದ. "ಆ ಹೊತ್ತಿಗೆ ಹೆಂಗಸರು ಆಚೆ ಕಾಣ್ತಾರಾ ಅಂತ ನೋಡಿದ್ರೇನೆ ಬೀದಿ ಗೊತ್ತಾಗೋದು."

ಮರುದಿನ ಸಂಜೆ ನಾಲ್ಕಕ್ಕೆ ರುದ್ರಮುನಿಯ ಅಂಗಡಿಯಲ್ಲೇ ಅವಳ ಫೋನು ಹೊಡೆದುಕೊಂಡಿತು. ಟೈಪು ಮಾಡಿಸಲು ಬಂದಿದ್ದವನನ್ನು ಅರ್ಧ ಗಂಟೆ ಕಾಯಿಸಿದಳು. ಅಂಜಿನಮೂರ್ತಿ ಡ್ಯೂಟಿಯ ನಡುವೆ ಅನುಮತಿ ಕೇಳಿ ಬಂದು ಗುಡ್ಡೆಯ ರಸ್ತೆಯಲ್ಲಿ ಏದುಸಿರು ಬಿಡುತ್ತ ನಡೆಯುತ್ತಿದ್ದ. ಹೆಂಚಿನ ಮನೆಗಳ ಒಂದು ಸಾಲು. ಚಂದವೇನಿಲ್ಲ, ಒಂದು ಗೋಡೆಯ ಗಾರೆ ಉದುರಿತ್ತು. ಮೆಟ್ಟಿಲ ಮೇಲೆ ಇಬ್ಬರು ಹೆಂಗಸರು ಸುಮ್ಮನೆ ಕೂತಿದ್ದರು. ಕೈಯಲ್ಲಿ ಹೂವಿಲ್ಲ, ಸೊಪ್ಪಿಲ್ಲ, ಸುಮ್ಮನೆ. ಒಂದು ಹುಡುಗಿ ಒಬ್ಬಳೇ ಅಂಗಡಿಯಿಂದ ಬ್ರೆಡ್ಡು ಹಿಡಿದು ಬರುತ್ತಿದ್ದಳು. ಕೊನೆಯ ಮನೆಯ ಅಂಗಳದಲ್ಲಿ ಲುಂಗಿಯುಟ್ಟ ಗಂಡಸೊಬ್ಬ ತಂತಿಯಿಂದ ಬಟ್ಟೆ ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಿದ್ದ.

"ನಿಲ್ಲಿ. ಅವರು ಯಾಕೆ ಬಟ್ಟೆ ತೆಗೀತಾವ್ರೆ?"

"ಹೆಂಡ್ತಿಗೆ ಹುಷಾರಿಲ್ವೇನೋ ಪಾಪ" ಎಂದ ಅಂಜಿನಮೂರ್ತಿ.

"ಕೇಳಿ."

ಅವನು ಹೋಗಿ ಕೇಳಿದ. ಲುಂಗಿಯವನು ಆಕಾಶ ನೋಡಿ, ಇವನ ಮುಖ ನೋಡಿ, "ಮೋಡ ಆಗಿದೆ ಅಲ್ವಾ ಮಾರಾಯ್ರೆ" ಎಂದ. ಇದರಲ್ಲಿ ಕೇಳುವುದೇನಿದೆ ಎಂಬ ಹಾಗಿತ್ತು ದನಿ.

"ಖಾಲಿ ಮನೆ ಯಾವುದು ವಿಚಾರಿಸಿ" ಎಂದಳು ಯಶೋದ. ಪಕ್ಕದ್ದೇ ಖಾಲಿಯಿತ್ತು. ಅಡುಗೆಮನೆಯ ಗೋಡೆಯಲ್ಲಿ ನೀರು ನಿಂತ ಗೆರೆಯಿರಲಿಲ್ಲ. ಬಸ್ ಸ್ಟಾಪು ಇನ್ನೂರು ಹೆಜ್ಜೆ. ಅವನನ್ನೇ ನಡೆಸಿ ಎಣಿಸಿದಳು. ಆಮೇಲೆ ದಾಕ್ಷಾಯಣಮ್ಮನಿಗೆ ಫೋನು ಮಾಡಿ ಜಾಗ ಹೇಳಿದಳು. "ಗುಡ್ಡೆಯಲ್ಲಾ? ಹಾಗಾದ್ರೆ ಒಂದನೇ ತಾರೀಕು ಬಾ" ಎಂದರು ಅವರು. ಕಾಯುತ್ತಿದ್ದವನ ವಂಶವೃಕ್ಷವನ್ನು ಯಶೋದ ಅವತ್ತು ಒಂದೂ ತಪ್ಪಿಲ್ಲದೆ ಟೈಪು ಮಾಡಿದಳು. ಅದರಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟಿದ್ದ. ಕೇಳಿ, ಹೇಳಿಸಿ, ಸೇರಿಸಿದಳು.

ಅಂಗಡಿ ಮುಚ್ಚುವ ಹೊತ್ತಿಗೆ ಅಂಜಿನಮೂರ್ತಿಯ ಫೋನು ಮತ್ತೆ ಬಂತು. ಮನೆಯ ಬೀಗದ ಕೈ ಸಿಕ್ಕಿತ್ತು. ದನಿ ಮಾತ್ರ ಕುಂದಿತ್ತು.

"ಒಂದು ತೊಂದ್ರೆ ಐತೆ. ಇಲ್ಲಿ ನಲ್ಲಿ ನೀರು ಬೆಳಗ್ಗೆ ಹತ್ತಕ್ಕೆ ಬಿಡೋದಂತೆ. ಅಷ್ಟೊತ್ತಿಗೆ ನೀನು ನೋಟರಿ ಆಫೀಸಲ್ಲಿರ್ತೀಯ."

"ಹೌದು."

"ಮಧು ಸ್ಕೂಲಿಗೆ ಹೋಗಿರ್ತಾಳೆ. ಅವ್ವನ ಮಂಡಿ ನಿಂಗೆ ಗೊತ್ತೇ ಐತೆ."

"ಗೊತ್ತು. ನಿಮ್ಮ ಡ್ಯೂಟಿ ಎಷ್ಟೊತ್ತಿಗೆ?"

"ಹನ್ನೊಂದಕ್ಕೆ" ಎಂದ. ಹೇಳಿದ ಮೇಲೆ, ಹೇಳಬಾರದಿತ್ತು ಎಂದು ಅವನಿಗೆ ಅನ್ನಿಸಿತೇನೋ. ಆಚೆ ಕಡೆಯಿಂದ ಹಾರ್ನಿನ ಸದ್ದು, ಯಾವುದೋ ಬಸ್ಸಿನ ಕಂಡಕ್ಟರು ಊರುಗಳ ಹೆಸರು ಕೂಗುವ ಸದ್ದು ಕೇಳುತ್ತಿತ್ತು. ಯಶೋದ ಫೋನು ಹಿಡಿದುಕೊಂಡೇ ಕಂಪ್ಯೂಟರಿಗೆ ಬಟ್ಟೆ ಮುಚ್ಚಿದಳು.

ಕೊನೆಗೆ ಅವನು ಕೇಳಿದ: "ಡ್ರಮ್ಮು ಎರಡು ತರ್ಲಾ, ಮೂರಾ?"

"ತುಂಬೋರು ನೀವು" ಎಂದಳು ಯಶೋದ. "ನಿಮಗೆ ಎಷ್ಟಾಗುತ್ತೋ ಅಷ್ಟು ತನ್ನಿ."