ಎರಡು ಹಲ್ಲಿನ ಹೋತ

ಕೋವಿಡ್ ಕಳೆದ ಮರುವರ್ಷ. ಬಕ್ರೀದ್‌ಗೆ ಮುಂಚಿನ ವಾರ ನಾನೂ ನನ್ನ ತಮ್ಮ ಮಂಜನೂ ಎಂದಿನಂತೆ ಯಲಹಂಕದ ರಸ್ತೆ ಬದಿಯಲ್ಲಿ ಹೋತಗಳನ್ನು ಮಾರಲು ಕಟ್ಟಿಕೊಂಡಿದ್ದೆವು. ನಾನು ಓದಿದ್ದು ನಾಲ್ಕನೇ ಕ್ಲಾಸು. ವ್ಯಾಪಾರದ ಮಾತು ನನ್ನದು, ಹಲ್ಲು ನೋಡುವುದು ಮಂಜನದು.

ಮೇಕೆಗೆ ಮುಂಭಾಗದ ಹಲ್ಲು ಇರುವುದು ಕೆಳದವಡೆಯಲ್ಲಿ ಮಾತ್ರ. ಮೊದಲು ಬರುವ ಎಂಟೂ ಸಣ್ಣ ಹಾಲುಹಲ್ಲು. ವರ್ಷ ದಾಟಿದ ಮೇಲೆ ನಡುವಿನ ಎರಡು ಬಿದ್ದು, ಅಲ್ಲಿ ಅಗಲವಾದ ಎರಡು ಏಳುತ್ತವೆ. ಅದನ್ನೇ ನಾವು ಎರಡು ಹಲ್ಲಿನದು ಎನ್ನುವುದು. ಕುರ್ಬಾನಿಯ ಹೋತಕ್ಕೆ ವರ್ಷ ತುಂಬಿರಲೇಬೇಕು. ಅದು ಹುಟ್ಟಿದ ದಿನ ಯಾರಿಗೆ ನೆನಪಿರುತ್ತದೆ? ಹಲ್ಲೇ ಸಾಕ್ಷಿ.

ಒಂದು ಕರಿ ಹೋತಕ್ಕೆ ನಡುವಿನ ಹಲ್ಲೆರಡೂ ಇರಲಿಲ್ಲ. ಮಂಜ ಒಸಡಿನ ಮೇಲೆ ಹೆಬ್ಬೆರಳು ಆಡಿಸಿದ.

"ಇದು ತಾನಾಗೇ ಬಿದ್ದಿರೋದಲ್ಲ ಕಣಣ್ಣ, ಗುದ್ದಾಡಿ ಮುರ್ಕೊಂಡಿರೋದು. ಕೆಳಗೆ ಹೊಸ ಹಲ್ಲು ಕೈಗೆ ಸಿಗ್ತಿಲ್ಲ. ಹಬ್ಬಕ್ಕೆ ಕೊಡ್ಬೇಡ."

ಹಾಗೆಂದು ಸೊಪ್ಪು ತರಲು ಹೋದ. ಅಷ್ಟರಲ್ಲಿ ಆರ್.ಟಿ. ನಗರದ ನೂರ್ ಭಾಯಿ ಬಂದರು, ನಮ್ಮ ಹಳೇ ಗಿರಾಕಿ. ಮೈಕಟ್ಟು ನೋಡಿ ಅದನ್ನೇ ಮೆಚ್ಚಿದರು.

"ಮಂಜಣ್ಣ ಹಲ್ಲು ನೋಡಿದಾರಾ?"

"ನೋಡವ್ನೆ ಭಾಯಿ."

ನೋಡಿದ್ದು ನಿಜ. ನೋಡಿ ಏನೆಂದನೆಂಬುದನ್ನು ನಾನು ನುಂಗಿಕೊಂಡೆ. ಅವರು ಅದರ ಬಾಯಿ ತೆರೆಸದೆ ಹಿಡಿದುಕೊಂಡು ಹೋದರು. ಕರಿದು ಎಲ್ಲಿ ಎಂದು ಮಂಜ ಕೇಳಿದಾಗ, ಹೋಟ್ಲೋರು ಒಯ್ದರು ಎಂದೆ.

ಮರುದಿನ ನೂರ್ ಭಾಯಿ ಆಟೋದಲ್ಲಿ ಹೋತವನ್ನು ವಾಪಸ್ ತಂದರು. ದನಿ ಏರಿಸಲಿಲ್ಲ.

"ನಮ್ಮ ಅಬ್ಬಾ ಬಾಯಿ ತೆಗೆದು ನೋಡಿದ್ರು ಮಂಜಣ್ಣ. ಹೊಸ ಹಲ್ಲೇ ಇಲ್ಲ. ನಿಮ್ಮ ಹೆಸರು ಕೇಳಿ ನಾನು ನೋಡೋಕೇ ಹೋಗಿರ್ಲಿಲ್ಲ."

ಮಂಜ ನನ್ನ ಮುಖ ನೋಡಿದ. ನಾನು ಬಗ್ಗಿ, ಸರಿಯಾಗೇ ಇದ್ದ ಹಗ್ಗದ ಗಂಟನ್ನು ಬಿಚ್ಚತೊಡಗಿದೆ.

"ನಂದೇ ಕಣ್ತಪ್ಪು ಭಾಯಿ. ಬೇರೆ ತಗೊಂಡೋಗಿ," ಎಂದ ಮಂಜ.

ಅವರು ಇನ್ನೊಂದು ಆರಿಸಿದರು. ಈ ಸಲ ತಾವೇ ಅದರ ತುಟಿ ಸರಿಸಿ ನೋಡಿದರು. ಆಟೋ ಹೋದ ಮೇಲೆ ಮಂಜ ಕೇಳಿದ್ದು ಒಂದೇ ಮಾತು: "ಹೋಟ್ಲೋರು ವಾಪಸ್ ಕೊಟ್ರಾ ಅಣ್ಣ?"

ಕರಿ ಹೋತವನ್ನು ಅವನು ಮಾರಲಿಲ್ಲ. ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನನ್ನನ್ನು ಕರೆದು, ನನ್ನ ಬೆರಳು ಹಿಡಿದು ಅದರ ಒಸಡಿಗೆ ಮುಟ್ಟಿಸಿದ. ಅಗಲವಾದ ಎರಡು ಹಲ್ಲಿನ ಅಂಚು ಚುಚ್ಚಿತು.

"ಈಗ ಕೊಡಬೌದು."

ನೂರ್ ಭಾಯಿ ಈಗಲೂ ನಮ್ಮಲ್ಲೇ ಕೊಳ್ಳುತ್ತಾರೆ. ಪ್ರತಿ ಹೋತದ ಬಾಯಿಯನ್ನೂ ತಾವೇ ತೆರೆದು ನೋಡುತ್ತಾರೆ; ಮಂಜ ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ಅಂದು ಮಂಜ ಕೊಡಬೇಡ ಎಂದಿದ್ದ, ಅದನ್ನು ಮುಚ್ಚಿಟ್ಟು ಕೊಟ್ಟವನು ನಾನು ಎಂದು ಅವರಿಗೆ ಇನ್ನೂ ಹೇಳಿಲ್ಲ. ಈ ಕಸುಬು ನನಗೆ ಕಲಿಸಿದ್ದಿಷ್ಟು: ನನ್ನ ಬೆರಳು ಮುಟ್ಟದ ಹಲ್ಲಿಗೆ ತಮ್ಮನ ಹೆಸರಿನಲ್ಲಿ ಸಾಕ್ಷಿ ಹೇಳಬಾರದು. ಬರುವ ಹಬ್ಬಕ್ಕೆ ಅವರು ಬಂದಾಗ ಮೊದಲು ಬಾಯಿ ತೆರೆಯಬೇಕಾದವನು ನಾನು.