ಸೋಮಯ್ಯನ ಕಂಪನಿಯ ಬ್ಯಾಗು

ಸ್ಯಾನ್ ಡಿಯಾಗೋದ ಒಂದು ಅಂಗಡಿಯಲ್ಲಿ ನಾನು ಹರಿದ ಬೇಟೆ ಬ್ಯಾಗುಗಳನ್ನು ಹೊಲಿದು ಕೊಡುತ್ತೇನೆ. ಹೆಚ್ಚು ಮಾತಾಡುವುದಿಲ್ಲ. ಬರುವವರೇ ಸಾಕಷ್ಟು ಮಾತಾಡುತ್ತಾರೆ.

ಇಲ್ಲೇ ನೆಲೆಸಿರುವ ಕೊಡಗಿನ ಸೋಮಯ್ಯ ತನ್ನ ಹಳೇ ಬ್ಯಾಗಿನೊಂದಿಗೆ ಸೊಂಟ ಹಿಡಿದುಕೊಂಡೇ ಬಂದ. ಹಿಂದಿನ ಸಲ ಜಿಂಕೆ ಮಾಂಸ ಹೊತ್ತು ಗುಡ್ಡ ಇಳಿಯುವಾಗ ಉಳುಕಿತ್ತಂತೆ. ಇನ್ನೊಮ್ಮೆ ಹೀಗಾದರೆ ಬೇಟೆ ಬಿಡಬೇಕು ಎಂದು ಡಾಕ್ಟರ್ ಹೇಳಿದ್ದರಂತೆ.

"ಬ್ಯಾಗು ಬದಲಾಯಿಸು," ಎಂದೆ.

"ಬದಲಾಯಿಸ್ತೀನಿ. ಆದ್ರೆ ಕಂಪನಿ ಇದೇ ಇರ್ಬೇಕು ಅಂಕಲ್. ನಮ್ಮ ಗುಂಪಲ್ಲಿ ಎಲ್ಲರದ್ದೂ ಇದೇ. ಬೇರೆ ಹೊತ್ಕೊಂಡು ಹೋದ್ರೆ ನನ್ನನ್ನೇ ಬೇಟೆ ಆಡ್ತಾರೆ."

ಮಾರಾಟಕ್ಕಿಟ್ಟ ಬ್ಯಾಗುಗಳಲ್ಲಿ ಅವನ ಕಂಪನಿಯ ಹೊಸದು ಒಂದು, ಬೇರೆ ಕಂಪನಿಯದು ಒಂದು ತೆಗೆದೆ. ಎರಡರಲ್ಲೂ ಒಂದೇ ತೂಕದ ಸೋನಾ ಮಸೂರಿ ಮೂಟೆ ಇಟ್ಟೆ. ಗುರುತು ಸಿಗದಂತೆ ಹಳೆಯ ಬೆಡ್‌ಶೀಟಿನ ಗವಸು ತೊಡಿಸಿದೆ. ಒಂದಾದ ಮೇಲೊಂದು ಹೊರಿಸಿ ಅಂಗಡಿ ಹಿಂದಿನ ದಿಬ್ಬ ಹತ್ತಿಸಿದೆ.

ಎರಡನೆಯದನ್ನು ಹೊತ್ತು ಇಳಿದವನ ಮುಖ ಅರಳಿತ್ತು. "ಇದೇ ನಮ್ದು. ಒಂಚೂರೂ ನೋವಿಲ್ಲ."

ಗವಸು ಬಿಚ್ಚಿದೆ. ಬೇರೆ ಕಂಪನಿಯದು.

ಸೋಮಯ್ಯ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ: "ಇದನ್ನೇ ತಗೋತೀನಿ. ನನ್ನ ಹಳೇ ಬ್ಯಾಗಿನ ಲೇಬಲ್ ಬಿಚ್ಚಿ ಇದಕ್ಕೆ ಹೊಲಿದು ಕೊಡ್ತೀರಾ?"

ದಂಗಾದೆ. ಬ್ಯಾಗು ಅವನದು, ಬೆನ್ನೂ ಅವನದು. ಹೊಲಿದೆ.

ಬೇಟೆ ಮುಗಿಸಿ ಅದೇ ಬ್ಯಾಗು ಹೊತ್ತು ನೆಟ್ಟಗೆ ನಡೆದು ಬಂದ. "ನಾನು ಹೇಳಿರ್ಲಿಲ್ವಾ ಅಂಕಲ್, ನಮ್ಮ ಕಂಪನಿ ಬ್ಯಾಗಿನ ಮುಂದೆ ಯಾವುದೂ ಇಲ್ಲ ಅಂತ?"

ತಮಾಷೆ ಇರಬೇಕೆಂದು ಅವನ ಮುಖ ನೋಡಿದೆ. ನಗುವಿನ ಸುಳಿವೇ ಇರಲಿಲ್ಲ. ಹೊಲಿಗೆ ಬಿಟ್ಟಿದೆಯೇ ಎಂದು ಅವನ ಬೆನ್ನಿನ ಬ್ಯಾಗು ಮುಟ್ಟಿ ನೋಡಿದೆ.

ಲೇಬಲ್ ಗಟ್ಟಿಯಾಗಿ ಕೂತಿತ್ತು.